ಅಲೈನ್‌ಮೆಂಟ್ ಮಾಡಿಸಿದ್ರೆ ಸರಿ ಹೋಗಲ್ಲ ಸ್ವಾಮಿ!

ಹಳೇ ಮಾರುತಿ 800ಕ್ಕೆ ಗಿಡ್ಡ ಸ್ಪ್ರಿಂಗ್ ಹಾಕಿ ನೆಲಕ್ಕೆ ಇಳಿಸುವ ಹುಚ್ಚು ನಮ್ಮಲ್ಲಿ ಇನ್ನೂ ಇದೆ. ಇಳಿಸಲಿ, ಅವರ ಕಾರು, ಅವರ ದುಡ್ಡು. ನನ್ನ ಜಗಳ ಅದರ ಮೇಲಲ್ಲ. ಇಳಿಸಿದ ಮೇಲೆ ಒಂದು ಚಕ್ರ ಗುಂಡಿಗೆ ಬಿದ್ದರೆ ಸಾಕು, ಸ್ಟಿಯರಿಂಗ್ ತಿರುಗಿಸದಿದ್ದರೂ ಕಾರು ತಾನಾಗೇ ಪಕ್ಕಕ್ಕೆ ಎಳೆಯುತ್ತಲ್ಲ, ಆಗ ಅಂಗಡಿಯವರು ಹೇಳೋ ಮಾತಿದೆ ನೋಡಿ: "ಏನಿಲ್ಲ ಸಾರ್, ಒಂದ್ಸಲ ಅಲೈನ್‌ಮೆಂಟ್ ಮಾಡಿಸಿ." ಜಗಳ ಆ ಮಾತಿನ ಮೇಲೆ.

ನನ್ನ ಚಿಕ್ಕಪ್ಪನ ಮಗ ತನ್ನ 1997ರ ಗಾಡಿಗೆ ಮೂರು ಸಲ ಮಾಡಿಸಿದ. ಮೂರು ಸಲವೂ ಕಂಪ್ಯೂಟರಿನಲ್ಲಿ ಎಲ್ಲ ಅಂಕಿ ಹಸಿರು. ಮೂರು ಸಲವೂ ಹೈವೇಗೆ ಹೋದಾಗ ಅದೇ ಪಾಡು. ಹಸಿರು ಅಂಕಿ ಸುಳ್ಳಲ್ಲ. ಅದು ನಿಂತ ಕಾರಿನ ಸತ್ಯ, ಅಷ್ಟೇ. ಈ ರೋಗ ಇರೋದು ಚಕ್ರ ಮೇಲೆ ಕೆಳಗೆ ಆಡುವಾಗ. ಇದಕ್ಕೆ ಬಂಪ್ ಸ್ಟಿಯರ್ ಅಂತಾರೆ.

ಯಾಕೆ ಹೀಗೆ? ಚಕ್ರ ಮೇಲೇರಿದಾಗ ಲೋಯರ್ ಆರ್ಮ್‌ನ ತುದಿ ಒಂದು ಕಮಾನಿನಲ್ಲಿ ಸಾಗುತ್ತೆ, ಟೈ ರಾಡಿನ ತುದಿ ಇನ್ನೊಂದು ಕಮಾನಿನಲ್ಲಿ. ಎರಡೂ ಹೊಂದಿಕೊಂಡರೆ ಚಕ್ರ ನೇರ ಇರುತ್ತೆ. ಇಲ್ಲದಿದ್ದರೆ ರಾಡು ಚಕ್ರವನ್ನು ತಿರುಗಿಸಿಬಿಡುತ್ತೆ. ಕಂಪನಿಯವರು ಈ ಹೊಂದಾಣಿಕೆ ಮಾಡಿರೋದು ಮೂಲ ಎತ್ತರಕ್ಕೆ.

ಒಂದು ಲೆಕ್ಕ ನೋಡಿ. 300 ಮಿ.ಮೀ. ಉದ್ದದ ರಾಡು ಮಟ್ಟವಾಗಿದ್ದಾಗ ತುದಿ 10 ಮಿ.ಮೀ. ಮೇಲೇರಿದರೆ ಒಳಕ್ಕೆ ಸರಿಯೋದು ಸುಮಾರು 0.17 ಮಿ.ಮೀ. ಅದೇ ರಾಡಿನ ತುದಿ ಮೊದಲೇ 40 ಮಿ.ಮೀ. ಮೇಲಿದ್ದರೆ, ಮುಂದಿನ 10 ಮಿ.ಮೀ.ಗೆ ಸರಿಯೋದು ಸುಮಾರು 1.5 ಮಿ.ಮೀ. ಒಂಬತ್ತು ಪಟ್ಟು! ಆರ್ಮೂ ಹೀಗೇ ಸರಿಯುತ್ತೆ ನಿಜ, ಆದರೆ ಎರಡರ ನಡುವೆ ಇದ್ದ ಸಣ್ಣ ವ್ಯತ್ಯಾಸವೂ ಈಗ ದೊಡ್ಡದಾಯ್ತು. 800ರ 12 ಇಂಚಿನ ರಿಮ್ಮಿನ ಮುಂತುದಿಗೂ ಹಿಂತುದಿಗೂ 1 ಮಿ.ಮೀ. ವ್ಯತ್ಯಾಸ ಅಂದ್ರೆ ಚಕ್ರ 0.19 ಡಿಗ್ರಿ ತಿರುಗಿದ ಹಾಗೆ. ಅಲೈನ್‌ಮೆಂಟಿನವನು ಮಾಡೋದು ಟೈ ರಾಡಿನ ಉದ್ದ ಹೊಂದಿಸಿ ಒಂದೇ ಎತ್ತರದಲ್ಲಿ ಟೋ ಸರಿಮಾಡೋದು. ಉಳಿದ ಎತ್ತರಗಳ ಗತಿ?

"ಸ್ಪ್ರಿಂಗ್ ಗಟ್ಟಿ ಇದೆ ಸಾರ್, ಚಕ್ರ ಜಾಸ್ತಿ ಆಡಲ್ಲ" ಅನ್ನೋದು ಇನ್ನೊಂದು ವಾದ. ಇದು ಹಲ್ಲು ನೋವಿಗೆ ಊಟ ಬಿಡಿ ಅಂದಂಗಾಯ್ತು :-)

ಹಾಗಾದ್ರೆ ಏನು ಮಾಡಬೇಕು? ಮೊದಲು ಸವೆದದ್ದನ್ನು ಬದಲಾಯಿಸಿ. 800ರ ತಯಾರಿಕೆ ನಿಂತದ್ದೇ 2014ರಲ್ಲಿ, ಅತಿ ಹೊಸ ಗಾಡಿಗೂ ಹತ್ತು ವರ್ಷ ದಾಟಿದೆ. ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಸಡಿಲ ಇದ್ದರೆ ಯಾವ ಅಳತೆಗೂ ಅರ್ಥವಿಲ್ಲ.

ಆಮೇಲೆ ಅಳೆಯಿರಿ. ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಸ್ಪ್ರಿಂಗ್ ತೆಗೆದು ಶಾಕ್ ವಾಪಸ್ ಕೂರಿಸಿ, ಸ್ಟಿಯರಿಂಗ್ ನೇರ ಹಿಡಿದು ಕಟ್ಟಿ. ಹಬ್ಬಿಗೆ ಒಂದು ಚಪ್ಪಟೆ ಹಲಗೆ ಬಿಗಿದು, ಜಾಕಿನಿಂದ 10 ಮಿ.ಮೀ. 10 ಮಿ.ಮೀ. ಎತ್ತುತ್ತಾ ಹಲಗೆಯ ಎರಡೂ ತುದಿ ಎಷ್ಟು ಸರಿದವು ಬರೆದುಕೊಳ್ಳಿ. ಗ್ರಾಫ್ ಹಾಕಿದರೆ ಅದೇ ಮಾತಾಡುತ್ತೆ: ಗೆರೆ ನೇರವಾಗಿದ್ದು ಓರೆಯಾಗಿದ್ದರೆ ಟೈ ರಾಡಿನ ಒಂದು ತುದಿಯ ಎತ್ತರ ತಪ್ಪಿದೆ. ಬಿಲ್ಲಿನಂತೆ ಬಾಗಿದ್ದರೆ ಒಳ ಕೀಲಿನಿಂದ ಹೊರ ಕೀಲಿನವರೆಗಿನ ಉದ್ದ ಹೊಂದುತ್ತಿಲ್ಲ. ಎತ್ತರದ ತಪ್ಪಿಗೆ ರ್ಯಾಕ್ ಕೆಳಗೆ ಶಿಮ್, ಇಲ್ಲವೇ ಹೊರ ತುದಿಗೆ ಸರಿಯಾದ ರಾಡ್ ಎಂಡ್ ಮತ್ತು ಸ್ಪೇಸರ್. ಬಾಲ್ ಜಾಯಿಂಟಿಗೆ ಮಾತ್ರ ಸ್ಪೇಸರ್ ಕೊಟ್ಟು ಟೈ ರಾಡನ್ನು ಹಾಗೇ ಬಿಟ್ಟರೆ ಹೊಸ ತಪ್ಪು ಹುಟ್ಟುತ್ತೆ. ಎಷ್ಟು ದಪ್ಪ ಬೇಕು ಅಂತ ಹೇಳೋದು ಅಳತೆ, ಅಂದಾಜಲ್ಲ.

ಸ್ಟಿಯರಿಂಗ್ ಆರ್ಮನ್ನು ಗ್ಯಾಸಿನಲ್ಲಿ ಕಾಯಿಸಿ ಬಗ್ಗಿಸೋದು, ಟೈ ರಾಡಿಗೆ ವೆಲ್ಡಿಂಗ್ ಹೊಡೆಯೋದು ಮಾತ್ರ ಬೇಡವೇ ಬೇಡ. ಅದು ಮುರಿದ ದಿನ ಅಲೈನ್‌ಮೆಂಟ್ ರಸೀದಿ ಯಾರನ್ನೂ ಉಳಿಸಲ್ಲ.

ನಾನು ಕೇಳೋದು ಇಷ್ಟೇ. ಸ್ಪ್ರಿಂಗ್ ಮಾರುವವರು ಇಳಿಸಿದ ಮೇಲೆ ಟೋ ಎಷ್ಟು ಬದಲಾಗುತ್ತೆ ಅಂತ ಅಳೆದು ಕೊಡಲಿ. ಅಳೆಯೋಕೆ ಆಗಲ್ಲ ಅಂದ್ರೆ ಹಳೇ ಸ್ಪ್ರಿಂಗೇ ವಾಪಸ್ ಹಾಕಿ ಕೊಡಲಿ. ಬಂಪ್ ಸ್ಟಿಯರಿಗೆ ಅದಕ್ಕಿಂತ ಅಗ್ಗದ ಔಷಧಿ ಇಲ್ಲ. ಹಳೇ ಕಾರು ಚಂದ ಕಾಣಬೇಕು ಅನ್ನೋ ಆಸೆ ತಪ್ಪಲ್ಲ. ಎದುರಿಗೆ ಲಾರಿ ಬರುವಾಗ ಅದು ಎತ್ತ ತಿರುಗುತ್ತೆ ಅಂತ ಗೊತ್ತಿಲ್ಲದೆ ಓಡಿಸೋದು ತಪ್ಪು.

ನೀವೇನಂತೀರಿ?