ಬೋರ್ಡು ಸತ್ತಿಲ್ಲ, ಸ್ವಾಮಿ!

ಹಳೇ ನಿಯಾನ್ ಬೋರ್ಡು ಮಿಣಕ್ ಮಿಣಕ್ ಅಂದ ಕೂಡಲೇ ಇಳಿಸಿ ಗುಜರಿಗೆ ಹಾಕುವ ಅಂಗಡಿ ಮಾಲೀಕರೇ, ಸ್ವಲ್ಪ ತಡೆಯಿರಿ. ಕೆಟ್ಟಿರುವುದು ಗಾಜಿನ ಕೊಳವೆಯೇ ಎಂದು ನಿಮಗೆ ಹೇಳಿದವರು ಯಾರು?

1910ರಲ್ಲಿ ಪ್ಯಾರಿಸಿನಲ್ಲಿ ಜಾರ್ಜ್ ಕ್ಲಾಡ್ ಜನರಿಗೆ ತೋರಿಸಿದ ದೀಪ ಇದು. ಬಲ್ಬಿನ ಹಾಗೆ ಉರಿದುಹೋಗುವ ತಂತಿ ಒಳಗಿಲ್ಲ. ಚೆನ್ನಾಗಿ ಮಾಡಿದ ಕೊಳವೆ ಹತ್ತಾರು ವರ್ಷ ಬಾಳುತ್ತದೆ. ಹೆಚ್ಚಾಗಿ ಕೈಕೊಡುವುದು ಟ್ರಾನ್ಸ್‌ಫಾರ್ಮರ್, ಇಲ್ಲವೇ ವೈರು. ಅಕ್ಷರಗಳೆಲ್ಲ ಸರಪಳಿಯಂತೆ ಒಂದಕ್ಕೊಂದು ಜೋಡಿಸಿದ್ದು; ಒಂದು ಕಡೆ ಕಡಿದರೆ ಸಾಲೇ ಕತ್ತಲು. ಬಳ್ಳಾರಿಯ ಧೂಳು, ಸಿರುಗುಪ್ಪದ ರೈಸ್ ಮಿಲ್ಲಿನ ಹೊಟ್ಟಿನ ಪುಡಿ ವೈರಿನ ಮೇಲೆ ಕೂತು ಮೊದಲ ಮಳೆಗೆ ನೆನೆದರಂತೂ ಕರೆಂಟು ಸೋರಿ ಚಟಚಟ ಅನ್ನುತ್ತದೆ. ಒರೆಸಿ ಒಣಗಿಸಿ, ಸುಟ್ಟ ವೈರು ಬದಲಿಸಿದರೆ ಎಷ್ಟೋ ಬೋರ್ಡು ಮತ್ತೆ ಹೊತ್ತುತ್ತವೆ. ಕೊಳವೆಯೇ ಬಿರುಕು ಬಿಟ್ಟಿದ್ದರೆ ಮಾತು ಬೇರೆ. ಆಗ ಗಾಜು ಊದಿ, ಗಾಳಿ ತೆಗೆದು, ಅನಿಲ ತುಂಬುವ ಕಸಬುದಾರನೇ ಬೇಕು. ಅಂಥವರನ್ನು ಈಗ ದೀಪ ಹಿಡಿದು ಹುಡುಕಬೇಕು.

ಆದರೆ ಅಂಗಡಿ ಹುಡುಗನ ಕೈಗೆ ಟೆಸ್ಟರ್ ಕೊಟ್ಟು ಏಣಿ ಹತ್ತಿಸಬೇಡಿ! ಅಂಗಡಿಗೆ ಬರುವುದು 230 ವೋಲ್ಟು. ಆ ಟ್ರಾನ್ಸ್‌ಫಾರ್ಮರಿನಿಂದ ಹೊರಡುವುದು 15,000 ವೋಲ್ಟಿನವರೆಗೂ. ಮೇನ್ ಆಫ್ ಮಾಡಿ, ಬಲ್ಲ ಎಲೆಕ್ಟ್ರಿಷಿಯನ್ನನ್ನೇ ಕರೆಸಿ. ನೀಲಿ ಕೊಳವೆ ಒಡೆದರೆ ಬರಿಗೈಲಿ ಮುಟ್ಟಬೇಡಿ, ಒಳಗೆ ಪಾದರಸ ಇರುತ್ತದೆ.

ಎಲ್‌ಇಡಿಗೆ ಕರೆಂಟು ಕಡಿಮೆ, ಒಪ್ಪಿದೆವು. ಆದರೆ ಈಗ ‘ನಿಯಾನ್’ ಅಂತ ಮಾರುವ ಪ್ಲಾಸ್ಟಿಕ್ ಪಟ್ಟಿಯೊಳಗೆ ನಿಯಾನ್ ಇರೋದಿಲ್ಲ, ತಿಳಿದಿರಲಿ.

ಕುರುಗೋಡು ಬಸ್ಸಿಗೆ ಕಾದು ನಿಂತವರೇ, ಒಮ್ಮೆ ಕತ್ತೆತ್ತಿ ನೋಡಿ. ಯಾವುದಾದರೂ ಹಳೇ ಬೋರ್ಡು ಆರಿದ್ದರೆ ಮಾಲೀಕರಿಗೆ ಹೇಳಿ ಹೋಗಿ: “ಸಾಹುಕಾರ್ರೇ, ಮೊದ್ಲು ವೈರ್ ನೋಡಿಸ್ರಿ.”