ಮೆದುಳು ಕಳೆದುಕೊಂಡ ಕಂತು

‘ಸ್ಟಾರ್ ಟ್ರೆಕ್’ ಟಿವಿ ಧಾರಾವಾಹಿಯ ಅತ್ಯುತ್ತಮ ಕಂತು ಯಾವುದೆಂಬ ಅಭಿಮಾನಿಗಳ ಜಗಳ ಇನ್ನೂ ಬಗೆಹರಿದಿಲ್ಲ, ಬಹಳ ಮಂದಿಯ ಮತ 1967ರ ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ಗೆ. ಇತಿಹಾಸ ಹಳಿ ತಪ್ಪದಿರಲೆಂದು ಕ್ಯಾಪ್ಟನ್ ಕರ್ಕ್ ತಾನು ಪ್ರೀತಿಸಿದವಳನ್ನೇ ಲಾರಿಯಡಿ ಸಾಯಲು ಬಿಡುವ ಕಥೆ ಅದು. ಅತಿ ಕಳಪೆ ಯಾವುದೆಂದು ಕೇಳಿದರೆ ಮಾತ್ರ ಬೆರಳುಗಳು ‘ಸ್ಪಾಕ್ಸ್ ಬ್ರೈನ್’ ಕಡೆಗೇ ತಿರುಗುತ್ತವೆ. ಅದರಲ್ಲಿ ಕರ್ಕ್‌ನ ಸಂಗಡಿಗ ಸ್ಪಾಕ್‌ನ ಮೆದುಳೇ ಕಳವಾಗುತ್ತದೆ. ಗೆಳೆಯರು ಅವನ ದೇಹವನ್ನು ರಿಮೋಟ್‌ನಿಂದ ನಡೆಸಿಕೊಂಡು ಹುಡುಕಲು ಹೊರಡುತ್ತಾರೆ! ತಮಾಷೆಯೆಂದರೆ, ಧಾರಾವಾಹಿ ನಿಲ್ಲಿಸಬೇಡಿ ಎಂದು ಎನ್‌ಬಿಸಿ ವಾಹಿನಿಗೆ ಅಭಿಮಾನಿಗಳು ರಾಶಿ ರಾಶಿ ಪತ್ರ ಬರೆದ ಮೇಲೆ ಬಂದ ಮೂರನೇ ಸೀಸನ್ 1968ರಲ್ಲಿ ಶುರುವಾದದ್ದೇ ಈ ಕಂತಿನಿಂದ. ಬರೆದವರು ಜೀನ್ ಕೂನ್, ಅದೂ ಲೀ ಕ್ರೋನಿನ್ ಎಂಬ ಗುಪ್ತನಾಮದಲ್ಲಿ. ಮೊಟ್ಟೆಗಳನ್ನು ಕಾಯುವ ಕಲ್ಲಿನಂಥ ಜೀವಿಗಾಗಿ ನೋಡುಗರ ಕರುಳು ಚುರುಕ್ಕೆನ್ನುವಂತೆ ಮಾಡಿದ ‘ದಿ ಡೆವಿಲ್ ಇನ್ ದಿ ಡಾರ್ಕ್’ ಕೂಡ ಇವರದೇ ಬರಹ. ಹಾಗಾಗಿ ಒಂದು ಕಂತು ಹಿಡಿದು ಲೇಖಕನನ್ನು ತೂಗಬೇಡಿ. ಅರ್ಧ ಶತಮಾನ ಕಳೆದರೂ ಜನ ಈ ಕಂತನ್ನು ಹೆಸರು ಹಿಡಿದು ಬೈಯುತ್ತಾರಲ್ಲ, ಸಪ್ಪೆ ಕಂತುಗಳಿಗೆ ಆ ಭಾಗ್ಯವೂ ಇಲ್ಲ.