ಡಬ್ಬದ ಬಸಳೆಯೂ ಸಂಘದ ಕೆಲಸವೇ



ಸಂಬಳ, ರಜೆ, ಬೋನಸ್ಸು, ಪ್ರಾವಿಡೆಂಟ್ ಫಂಡು ಇವುಗಳ ಬಗ್ಗೆ ಬರೆಯಬೇಕಾದ ಜಾಗದಲ್ಲಿ ಸೊಪ್ಪು ತರಕಾರಿಯ ಮಾತೇಕೆ ಎಂದು ಕೆಲವರು ಕೇಳಬಹುದು. ಕೇಳಲಿ. ಸಂಬಳ ಯಾತಕ್ಕೆ? ಹೊಟ್ಟೆಗೆ. ಹೊಟ್ಟೆಯ ಮಾತು ಬಂದಮೇಲೆ ಬಸಳೆಯ ಮಾತೂ ಬರಲೇಬೇಕು.

ನಮ್ಮ ವಿಕ್ರೋಳಿಯ ಚಾಳುಗಳ ಗ್ಯಾಲರಿಗಳನ್ನು ಒಮ್ಮೆ ತಲೆಯೆತ್ತಿ ನೋಡಿರಿ. ಪಾರ್ಕ್‌ಸೈಟಿನ ಗುಡ್ಡದ ಮೇಲಿನ ಖೋಲಿಗಳಿರಲಿ, ಕನ್ನಮ್ವಾರ್ ನಗರದ ಹಳೆಯ ಕಟ್ಟಡಗಳಿರಲಿ, ತುಳಸಿಯ ಪಕ್ಕದಲ್ಲಿ ಎಲ್ಲಿಯಾದರೂ ಒಂದು ಎಣ್ಣೆಯ ಡಬ್ಬ, ಅದರಿಂದ ಕಿಟಕಿಯ ಸರಳಿಗೆ ಹಬ್ಬಿದ ಬಸಳೆಯ ಬಳ್ಳಿ ಕಂಡೀತು. ಊರಿನಲ್ಲಿ ಬಾವಿಕಟ್ಟೆಯ ಬದಿಯ ಚಪ್ಪರದಲ್ಲಿದ್ದ ಬಸಳೆ ಇಲ್ಲಿ ಹದಿನೈದು ಕಿಲೋ ಡಬ್ಬಕ್ಕೆ ಬಂದಿದೆ. ಮನುಷ್ಯನಂತೆ ಅದೂ ವಲಸೆ ಬಂದು ಇಕ್ಕಟ್ಟಿನಲ್ಲಿ ಬದುಕಲು ಕಲಿತಿದೆ.

ಈ ಕೆಲಸಕ್ಕೆ ಬೇಕಾದದ್ದೆಲ್ಲ ಹೋಟೆಲ್ ಕಾರ್ಮಿಕನ ಕೈಯಳತೆಯಲ್ಲೇ ಇದೆ. ಖಾಲಿ ಎಣ್ಣೆ ಡಬ್ಬ, ಚಟ್ನಿಗೆ ಒಡೆದ ತೆಂಗಿನ ಗೆರಟೆ ಮತ್ತು ಜುಟ್ಟಿನ ನಾರು, ತರಕಾರಿಯ ಸಿಪ್ಪೆ, ಚಹಾದ ಚರಟ. ಡಬ್ಬದ ತಳಕ್ಕೆ ಐದಾರು ತೂತು ಹೊಡೆದು, ಅದರ ಮೇಲೆ ಗೆರಟೆಯ ಚೂರು ಹಾಕಿ, ಕೆಂಪು ಮಣ್ಣು, ಕಳಿತ ಗೊಬ್ಬರ, ನಾರಿನ ಪುಡಿ ಇವನ್ನು ಸಮಪಾಲಾಗಿ ತುಂಬಿದರೆ ಆಯಿತು. ಚಹಾದ ಚರಟವನ್ನು ಹಾಲು ಸಕ್ಕರೆ ಹೋಗುವಂತೆ ತೊಳೆದೇ ಹಾಕಬೇಕು, ಇಲ್ಲವಾದರೆ ಇರುವೆ ಮುತ್ತುತ್ತದೆ. ಬಿಸಿಲಿಗೆ ತಗಡು ಕಾಯುತ್ತದೆ, ಆದುದರಿಂದ ಸುತ್ತ ಗೋಣಿ ಕಟ್ಟಬೇಕು. ಹರಿವೆ ಒಂದು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಬಸಳೆಗೆ ಬೀಜವೇ ಬೇಡ, ಪೇಟೆಯಿಂದ ತಂದ ಕಟ್ಟಿನ ದಂಟನ್ನು ಊರಿದರೆ ಬೇರು ಬಿಡುತ್ತದೆ. ಕಾಯಿಮೆಣಸಿಗೆ ಎರಡು ಮೂರು ತಿಂಗಳು ಕಾಯಬೇಕು. ಟೊಮೇಟೊಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಅಷ್ಟು ಬಿಸಿಲು ಇಲ್ಲದವರು ಸೊಪ್ಪಿನಲ್ಲೇ ತೃಪ್ತರಾಗುವುದು ಮೇಲು. ನೀರಿನ ಅಭಾವಕ್ಕೆ ಅಕ್ಕಿ, ತರಕಾರಿ ತೊಳೆದ ನೀರು ಉಂಟು. ಸೋಪಿನ ನೀರು ಮಾತ್ರ ಬೇಡ. ಕಾರ್ಖಾನೆಯ ರಾಸಾಯನಿಕ ತುಂಬಿದ್ದ ಡ್ರಮ್ಮು ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಮುಟ್ಟಬಾರದು.

ಇದು ದೊಡ್ಡ ಪ್ರಮಾಣದಲ್ಲಿ ನಡೆಯುವುದೇ ಎಂದು ಕೇಳುವವರಿಗೆ ಈ ಮುಂಬಯಿಯದೇ ಉದಾಹರಣೆ ಇದೆ. ಮುಂಬಯಿ ಪೋರ್ಟ್ ಟ್ರಸ್ಟಿನ ಕೇಂದ್ರ ಅಡುಗೆಮನೆಯಿಂದ ಸುಮಾರು 3,000 ನೌಕರರಿಗೆ ದಿನವೂ ಊಟ ಹೋಗುತ್ತಿತ್ತು. ಅಲ್ಲಿನ ಹಸಿ ಕಸವನ್ನು ಏನು ಮಾಡುವುದೆಂಬ ಪ್ರಶ್ನೆ ಬಂದಾಗ, ಕೇಟರಿಂಗ್ ಅಧಿಕಾರಿ ಪ್ರೀತಿ ಪಾಟೀಲರೂ ಅಡುಗೆಮನೆಯ ಸಿಬ್ಬಂದಿಯೂ ಸೇರಿ ಸುಮಾರು 3,000 ಚದರ ಅಡಿಯ ತಾರಸಿಯ ಮೇಲೆ ಅದನ್ನೇ ಗೊಬ್ಬರ ಮಾಡಿ ತರಕಾರಿ, ಹಣ್ಣಿನ ಗಿಡ ಬೆಳೆಸಿದರು. ಅಡುಗೆಯವನು ಕೃಷಿಕನೂ ಆಗಬಲ್ಲನೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಈಗ ನಮ್ಮೊಳಗಿನ ಆಕ್ಷೇಪಕ್ಕೆ ಬರೋಣ. “ಇಂಥದ್ದನ್ನು ಸಂಘ ಹೇಳತೊಡಗಿದರೆ ಮಾಲೀಕರು, ತರಕಾರಿ ನೀವೇ ಬೆಳೆಯಿರಿ, ಸಂಬಳ ಏಕೆ ಹೆಚ್ಚಿಸಬೇಕು ಎನ್ನುತ್ತಾರೆ” ಎಂಬುದು ಹಿರಿಯ ಸಂಗಾತಿಗಳ ಭಯ. ಈ ಭಯ ಸುಳ್ಳಲ್ಲ. 1965ರಲ್ಲಿ ಧಾನ್ಯದ ಕೊರತೆ ಬಂದಾಗ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಕರೆ ಕೊಟ್ಟು, ತಮ್ಮ ಮನೆಯ ಅಂಗಳವನ್ನೇ ಉಳುಮೆ ಮಾಡಿಸಿದರು. ತಾವೇ ಮೊದಲು ಮಾಡಿದ್ದರಿಂದ ಜನ ಗೌರವಿಸಿದರು. ಆದರೆ ಹೊಟ್ಟೆ ತುಂಬಿದವನು ಒಂದು ಹೊತ್ತು ಬಿಡುವುದು ಬೇರೆ, ಅರೆಹೊಟ್ಟೆಯವನಿಗೆ ಬಿಡು ಎನ್ನುವುದು ಬೇರೆ. ನಾಲ್ಕು ಡಬ್ಬದಿಂದ ಸಂಸಾರ ಸಾಗದು. ವಾರಕ್ಕೆ ಒಂದೆರಡು ಬಾರಿ ಸೊಪ್ಪಿನ ಪದಾರ್ಥವಾದೀತು, ಅಷ್ಟೇ. ಬಸಳೆ ತೋರಿಸಿ ಸಂಬಳ ಕಡಿಮೆ ಮಾಡುವ ಮಾಲೀಕನಿದ್ದರೆ ಅವನಿಗೆ ಉತ್ತರ ಕೊಡಲು ಸಂಘವಿದೆ.

ಆದರೆ ನನ್ನ ವಾದ ಬೇರೆ. ಡಬ್ಬ ನಮ್ಮ ಕೈಯಲ್ಲಿದೆ, ಬೀಜ ನಮ್ಮ ಕೈಯಲ್ಲಿದೆ. ಬೆಳಕು, ನೀರು, ಜಾಗ ನಮ್ಮ ಕೈಯಲ್ಲಿಲ್ಲ. ಹೋಟೆಲಿನಲ್ಲೇ ಕೆಲಸ ಮಾಡಿ ಅಲ್ಲೇ ಮೇಜಿನ ಮೇಲೆ ಮಲಗುವ ಹುಡುಗನಿಗೆ ಒಂದು ತುಳಸಿ ಗಿಡ ಇಡಲೂ ಅಂಗುಲ ಜಾಗವಿಲ್ಲ. 1982ರ ಮುಷ್ಕರದ ನಂತರ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಚಾಳಿನ ಖೋಲಿ ಮಾರಿ ದೂರದ ಉಪನಗರಗಳಿಗೆ ಹೋದ ಗಿರಣಿ ಕುಟುಂಬಗಳನ್ನು ಕೇಳಿರಿ, ಗ್ಯಾಲರಿಯ ಬೆಲೆ ಹೇಳುತ್ತಾರೆ. 1963ರಲ್ಲಿ ಅಧಿಕಾರದಲ್ಲಿರುವಾಗಲೇ ತೀರಿಕೊಂಡ ಮುಖ್ಯಮಂತ್ರಿ ಕನ್ನಮ್ವಾರರ ಹೆಸರಿನ ನಗರದಲ್ಲಿ ಹಳೆಯ ಕಟ್ಟಡಗಳು ಹೋಗಿ ಎತ್ತರದ ಗೋಪುರಗಳು ಏಳುತ್ತಿವೆ. ಹೊಸ ಮನೆಯಲ್ಲಿ ಚದರ ಅಡಿ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಗಾಳಿ ಬೆಳಕಿನ ಗ್ಯಾಲರಿ ಉಂಟೇ, ತಾರಸಿಯ ಬೀಗದಕೈ ಯಾರ ಹತ್ತಿರ ಇರುತ್ತದೆ ಎಂದು ಕೇಳುವವರು ಕಡಿಮೆ. ಕೇಳಬೇಕು, ಕಾಗದದ ಮೇಲೆ ಬರೆಸಿಕೊಳ್ಳಬೇಕು.

ಕ್ಯೂಬಾ ದೇಶದ ಹವಾನಾ ನಗರದಲ್ಲಿ, 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಎಣ್ಣೆ, ಗೊಬ್ಬರ ಬರುವುದು ನಿಂತುಹೋದಾಗ, ಜನರು ಖಾಲಿ ನಿವೇಶನಗಳಲ್ಲಿ, ಅಂಗಳಗಳಲ್ಲಿ ತರಕಾರಿ ಬೆಳೆದರು. ಅಲ್ಲಿ ಜನರಿಗೆ ಹುಮ್ಮಸ್ಸಿತ್ತು ನಿಜ, ಆದರೆ ಬಳಸಲು ಜಾಗವನ್ನು ಸರಕಾರವೇ ಬಿಟ್ಟುಕೊಟ್ಟಿತು. ಪೋರ್ಟ್ ಟ್ರಸ್ಟಿನಲ್ಲೂ ತಾರಸಿ ಸಿಕ್ಕಿದ್ದರಿಂದಲೇ ತೋಟವಾಯಿತು. ಜಾಗ ಕೇಳುವುದು ಒಬ್ಬೊಬ್ಬನಿಂದ ಆಗುವ ಕೆಲಸವಲ್ಲ, ಒಗ್ಗಟ್ಟಿನಿಂದ ಆಗುವ ಕೆಲಸ. ಅದಕ್ಕೇ ಇದು ಸಂಘದ ಕೆಲಸವೆನ್ನುತ್ತೇನೆ.

ಹಕ್ಕಿನ ಜೊತೆಗೆ ಕರ್ತವ್ಯವೂ ಇದೆ. ಒದ್ದೆ ಮಣ್ಣು ತುಂಬಿದ ಒಂದು ಡಬ್ಬ ಇಪ್ಪತ್ತು ಕಿಲೋದಷ್ಟು ತೂಗುತ್ತದೆ. ಅದನ್ನು ಕಟ್ಟೆಯ ಅಂಚಿನಲ್ಲಿಟ್ಟರೆ ಕೆಳಗೆ ನಡೆಯುವವನ ತಲೆ ಉಳಿಯದು. ನೆಲದ ಮೇಲೆ, ಗೋಡೆಗೆ ಒತ್ತಿ, ಓಡಾಡುವ ದಾರಿ ಬಿಟ್ಟು ಇಡಿರಿ. ಮಳೆಗಾಲದಲ್ಲಿ ಡಬ್ಬದ ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಡೆಂಗಿ ಸೊಳ್ಳೆ ಹುಟ್ಟುತ್ತದೆ. ನಗರಪಾಲಿಕೆಯವರು ಬಂದು ಹೇಳುವ ಮೊದಲೇ ಚೆಲ್ಲಿಬಿಡಿರಿ.

ಸಂಘದಿಂದ ಮೂರು ಕೆಲಸ ಆಗಲಿ. ಮೇ ತಿಂಗಳಲ್ಲಿ ಊರಿಗೆ ಹೋದವರು ಹರಿವೆ, ಅಲಸಂಡೆ, ಬೆಂಡೆಯ ಬೀಜ ತಂದು ಹಂಚಲಿ. ಮಣ್ಣನ್ನು ಚಾಳಿಗೊಂದು ಗಾಡಿಯಂತೆ ಒಟ್ಟಾಗಿ ತರಿಸಿ, ಖರ್ಚು ಹಂಚಿಕೊಳ್ಳೋಣ. ಹೋಟೆಲುಗಳ ಹಸಿ ಕಸದಿಂದ ಗೊಬ್ಬರ ಮಾಡುವ ಬಗ್ಗೆ ಮಾಲೀಕರೊಡನೆ ಮಾತಾಡೋಣ. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸವಾಗುವ ದೊಡ್ಡ ಹೋಟೆಲುಗಳ ಮೇಲೆ 2016ರ ಕೇಂದ್ರ ನಿಯಮಗಳೇ ಈ ಹೊಣೆ ಹಾಕಿದ್ದವು. ಹಾಗಾಗಿ ನಾವು ಭಿಕ್ಷೆ ಕೇಳಿದಂತಾಗದು.

ಸಂಬಳದ ಹೋರಾಟ ನಿಲ್ಲಬಾರದು. ಅದು ನಡೆಯುತ್ತಿರುವಾಗಲೇ ಬಸಳೆಯೂ ಚಿಗುರುತ್ತಿರಲಿ. ಗ್ಯಾಲರಿಯಲ್ಲಿ ಬಳ್ಳಿ ಬೆಳೆಸಿದವನು ಆ ಗ್ಯಾಲರಿಯನ್ನು ಸುಲಭದಲ್ಲಿ ಬಿಟ್ಟುಕೊಡಲಾರ.